ಅಡಿಗಲ್ಲಿನ ಮೇಲೆ ಇಟ್ಟ ಚಾಕು

ಅಯ್ಯಣ್ಣ ಏನೂ ಮಾತಾಡಲಿಲ್ಲ. ಕುಲುಮೆಯ ತಗಡಿನ ಮಾಡಿಗೆ ತಲೆ ತಾಗದಂತೆ ಬಗ್ಗಿ ಒಳಗೆ ಬಂದ. ಎಡಗೈಯಿಂದ ಅಂಗಿಯ ಕಿಸೆಯೊಳಗಿನ ಮಡಚು ಚಾಕು ತೆಗೆದು, ಕಬ್ಬಿಣ ಬಡಿಯುವ ಅಡಿಗಲ್ಲಿನ ಮೇಲೆ ಇಟ್ಟ. ಇಟ್ಟು ಒಂದು ಹೆಜ್ಜೆ ಹಿಂದೆ ಸರಿದು ನಿಂತ. ಅವನ ಬಲಗೈ ಕೊರಳಿಗೆ ಕಟ್ಟಿದ ಟವೆಲ್ಲಿನಲ್ಲಿ ಜೋತಾಡುತ್ತಿತ್ತು. ಬ್ಯಾಂಡೇಜಿನಿಂದ ಹೊರಗೆ ಕಾಣುತ್ತಿದ್ದದ್ದು ಹೆಬ್ಬೆರಳು, ತೋರುಬೆರಳು ಎರಡೇ.

ಸುರಪುರದ ರಂಗಂಪೇಟೆಯಲ್ಲಿದ್ದ ಮಾನಪ್ಪನ ಕುಲುಮೆಯಲ್ಲಿ ಇದಕ್ಕೆ ಮಾತು ಬೇಕಿರಲಿಲ್ಲ. ಕುಡುಗೋಲಿರಲಿ, ಕೊಡಲಿಯಿರಲಿ, ಚಾಕುವಿರಲಿ, ಕುಲುಮೆಯ ಮುದ್ರೆ ಒತ್ತಿದ ಸಾಮಾನು ಕೈಕೊಟ್ಟರೆ ಅದನ್ನು ತಂದು ಅಡಿಗಲ್ಲಿನ ಮೇಲೆ ಇಡಬೇಕು. ತಂದವನು ಬಯ್ಯುವ ಹಾಗಿಲ್ಲ, ಕಂಬಾರ ಕಾರಣ ಕೇಳುವ ಹಾಗಿಲ್ಲ. ಅವನ ಕಣ್ಣೆದುರೇ ಅದನ್ನು ಸುತ್ತಿಗೆಯಿಂದ ಮುರಿದು ಬೇರೆಯದು ಕೊಡಬೇಕು. ಮಾನಪ್ಪನ ಅಜ್ಜನ ಕಾಲದಿಂದ ಬಂದ ರೀತಿ ಇದು. ಮಾನಪ್ಪನ ಮಗಳು ಮೋನಮ್ಮನಿಗೆ ಈಗ ಇಪ್ಪತ್ನಾಲ್ಕು. ಅವಳು ಕಂಡಂತೆ ಸಾಮಾನು ಅಡಿಗಲ್ಲಿಗೆ ವಾಪಸ್ ಬಂದದ್ದು ಎರಡೇ ಸಲ. ಅದರಲ್ಲೂ ಒಂದು ಸಲ ಬಂದವನು ಕುಡಿದ ಅಮಲಿನಲ್ಲಿ ಬೇರೆ ಕಂಬಾರನ ಕುಡುಗೋಲು ತಂದಿದ್ದ.

ಮಾನಪ್ಪ ಚಾಕು ಬಿಚ್ಚಿದ. ಅಲಗು ಕನ್ನಡಿಯಂತೆ ಹೊಳೆಯಿತು. ಬುಡದಲ್ಲಿ ಅವನ ಮುದ್ರೆಯ ಮೂರು ಚುಕ್ಕಿ ಸ್ಪಷ್ಟವಾಗಿದ್ದವು. ಹೆಬ್ಬೆರಳನ್ನು ಅಂಚಿನ ಮೇಲೆ ಅಡ್ಡಡ್ಡ ಆಡಿಸಿದ. ಹಿಡಿಕೆಯ ಮೊಳೆ ಕಿತ್ತು ಅಲಗನ್ನು ಬೇರೆ ಮಾಡಿ, ಅರ್ಧ ಭಾಗ ಅಡಿಗಲ್ಲಿನ ಹೊರಗೆ ಚಾಚುವಂತೆ ಇಟ್ಟು, ಸುತ್ತಿಗೆ ಎತ್ತಿ ಹೊಡೆದ.

ಕಾಸಿ ಅದ್ದಿ ಗಟ್ಟಿಯಾದ, ಹದ ಹಿಡಿದ ಅಲಗಾದರೆ ಠಣ್ ಎಂದು ಎರಡು ತುಂಡಾಗಬೇಕು. ಇದು ಮುರಿಯಲಿಲ್ಲ, ಬಾಗಿತು. ಇನ್ನೊಂದು ಏಟಿಗೆ ಇನ್ನಷ್ಟು ಬಾಗಿ, ಹಳೆ ಚಮಚೆಯ ಹಾಗೆ ಅಡಿಗಲ್ಲಿನ ಅಂಚಿಗೆ ಜೋತುಬಿತ್ತು.

ಮೋನಮ್ಮ ಮೂಲೆಯಲ್ಲಿ ಸಾಣೆ ಯಂತ್ರದ ಮುಂದೆ ಕೂತಿದ್ದಳು. ಅಯ್ಯಣ್ಣ ಬಂದಾಗ ಯಂತ್ರ ಆರಿಸಿದ್ದಳು. ಈಗ ಅದನ್ನು ಮತ್ತೆ ಹಚ್ಚಬೇಕೆನ್ನಿಸಿತು, ಬರೀ ಸದ್ದಿಗಾಗಿ.

ಮಾತಾಡಬಾರದೆಂಬ ರೀತಿ ಚಾಕು ತಂದವನಿಗೆ ಮಾತ್ರ. ಹೊರಗೆ ಬೇವಿನ ಗಿಡದ ಕೆಳಗೆ ನಿಂತಿದ್ದ ಅವನ ಹೆಂಡತಿ ಪಾರ್ವತೆಮ್ಮನಿಗೆ ಅದು ಲಾಗೂ ಆಗುತ್ತಿರಲಿಲ್ಲ. ಅವಳು ಬಾಗಿಲಿಗೆ ಬಂದಳು.

"ಇಂವ ಹೇಳಂಗಿಲ್ಲ, ನಾ ಹೇಳ್ತೀನಿ ಕೇಳ್ರಿ ಮಾನಪ್ಪಣ್ಣ. ಡ್ಯಾಮಿನ ನೀರು ಬಿಡ್ತಾರಂತ ಮುಂಜಾನಿಂದ ಒದರಾಕತ್ತಿದ್ರು. ಹೊಳ್ಯಾಗಿನ ಮೀನಿನ ಬಲಿ ಕೊಚ್ಚಿ ಹೋಗ್ತದಂತ ಇಂವ ಕೇಳಲಿಲ್ಲ, ತೆಗಿಯಾಕ ಹೋದ್ವಿ. ಬಲಿ ಹಗ್ಗ ಕಾಲಿಗೆ ಸುತ್ಕೊಂಡು ಸೆಳವು ಇವನ್ನ ಹರಗೋಲಿಂದ ಎಳಿಯಾಕತ್ತು. ಕೊಯ್ಯೋ, ಕೊಯ್ಯೋ ಅಂತೀನಿ ನಾನು. ಇಂವ ಕೊಯ್ಯಾಕತ್ತಾನ, ಕೊಯ್ಯಾಕತ್ತಾನ, ಹಗ್ಗಕ್ಕ ತುರಿಸಿದಂಗ ಆಗ್ಯಾದ ಅಷ್ಟ. ಸಿಟ್ಟಿಗೆದ್ದು ಒತ್ತಿದ, ಚಾಕು ಮಡಚಿ ಬೆರಳಿನ ಮ್ಯಾಲ ಬಿತ್ತು. ನಿಮ್ಮ ಚಾಕು ಹಗ್ಗ ಕೊಯ್ಲಿಲ್ಲರಿ, ನನ ಗಂಡನ ಬೆರಳ ಮಾತ್ರ ಚಲೋ ಕೊಯ್ತು."

"ಸುಮ್ಕಿರಲೇ," ಅಂದ ಅಯ್ಯಣ್ಣ.

"ಯಾಕ ಸುಮ್ಕಿರಲಿ? ಹರಗೋಲದಾಗ ಒಂದ ಹಳೇ ಕುಡಗೋಲ ಬಿದ್ದಿತ್ತು, ಕರ್ರಂದು, ಜಂಗ ಹಿಡದದ್ದು. ನಮ್ಮ ಮಾವ ನಿಮ್ಮ ಕೈಲೇ ಮಾಡಿಸಿದ್ದು. ಒಂದ ಏಟಿಗೆ ಹಗ್ಗ ಹರೀತು. ಇಲ್ಲಂದ್ರ ಇವತ್ತ ನಾ ಇಲ್ಲಿಗಿ ಚಾಕು ತರ್ತಿದ್ದಿಲ್ಲ, ಪೇಟಿಗಿ ಹೋಗಿ ಇವನ ಫೋಟೋಕ್ಕ ಹಾರ ತರ್ತಿದ್ದೆ."

ಮಾನಪ್ಪ ಬಾಗಿದ ಅಲಗನ್ನೇ ನೋಡುತ್ತಿದ್ದ. ಅದನ್ನು ಎತ್ತಿ ಬೆಳಕಿಗೆ ಹಿಡಿದ.

"ಇದಕ್ಕ ಹದಾನ ಹತ್ತಿಲ್ಲವ್ವ. ಬೆಂಕ್ಯಾಗ ಬಣ್ಣ ನೋಡಾಂವ ನಾನು. ನನ ಕಣ್ಣ ಹೋಗ್ಯಾವ."

ಆಗ ಮೋನಮ್ಮ ಬಾಯಿ ಬಿಡಬಹುದಿತ್ತು. ಒಂದು ವಾಕ್ಯ ಸಾಕಿತ್ತು. ಅವಳು ಸಾಣೆ ಯಂತ್ರದ ಬೆಲ್ಟನ್ನು ಬೆರಳಿಂದ ಒತ್ತಿ ನೋಡಿದಳು, ಅದು ಸಡಿಲಾಗಿದೆಯೋ ಎಂಬಂತೆ.

ಮಾನಪ್ಪ ಗೂಡಿನಿಂದ ಒಂದು ಕರಿ ಅಲಗಿನ ಹಳೆ ಚಾಕು ತೆಗೆದು ಕೊಟ್ಟ. ಅಯ್ಯಣ್ಣ ಎಡಗೈಯಲ್ಲಿ ಹಿಡಿದು ಅದನ್ನು ಬಿಚ್ಚಲು ನೋಡಿದ. ಮಡಚು ಚಾಕು ಬಿಚ್ಚಲು ಎರಡು ಕೈ ಬೇಕು. ಎದೆಗೆ ಒತ್ತಿ ನೋಡಿದ, ಮೊಣಕಾಲಿಗೆ ಒತ್ತಿ ನೋಡಿದ. ಆಮೇಲೆ ಮಡಚಿದ್ದನ್ನು ಹಾಗೆಯೇ ಕಿಸೆಗೆ ಹಾಕಿಕೊಂಡು ಹೆಂಡತಿಯ ಹಿಂದೆ ನಡೆದ.

*

ಇದೆಲ್ಲ ಸುರುವಾದದ್ದು ಒಂದು ಪೇರಲಹಣ್ಣಿನಿಂದ.

ಮೋನಮ್ಮ ಯಾದಗಿರಿಯ ಹಾಸ್ಟೆಲ್ಲಿನಲ್ಲಿದ್ದು ಐಟಿಐ ಫಿಟ್ಟರ್ ಮುಗಿಸಿದವಳು. ತಾಯಿ ಇಲ್ಲದ ಮನೆ, ಅಪ್ಪನನ್ನು ಬಿಟ್ಟು ದೂರದ ಕೆಲಸಕ್ಕೆ ಹೋಗಲಾಗಲಿಲ್ಲ ಎಂದು ಕೇಳಿದವರಿಗೆ ಹೇಳುತ್ತಿದ್ದಳು. ದೂರದ ಕೆಲಸ ಸಿಕ್ಕಿರಲೂ ಇಲ್ಲ. ಹಾಗಾಗಿ ಕುಲುಮೆಗೆ ಬಂದಳು. ಬೆಂಕಿ ಮತ್ತು ಸುತ್ತಿಗೆ ಅಪ್ಪನದು. ಸಾಣೆ, ಹಿಡಿಕೆ, ಕೀಲು ಅವಳದು.

ಮಾನಪ್ಪ ಚಾಕುವಿಗೆ ಬಳಸುತ್ತಿದ್ದದ್ದು ಲಾರಿಯ ಕಮಾನ್ ಪಟ್ಟಿ. ಅದನ್ನು ಬಡಿದು ತೆಳ್ಳಗೆ ಮಾಡಿ, ಮಾಗಿದ ಬಾರಿಹಣ್ಣಿನ ಕೆಂಪು ಬಣ್ಣ ಬರುವ ತನಕ ಕಾಸಿ, ಹಳೆ ಎಣ್ಣೆಯಲ್ಲಿ ಅದ್ದುತ್ತಿದ್ದ. ಆಮೇಲೆ ಒಣಗಿದ ಜೋಳದ ದಂಟಿನ ಬಣ್ಣ ಬರುವಷ್ಟು ಮೆಲ್ಲಗೆ ಮತ್ತೊಮ್ಮೆ ಕಾಸುತ್ತಿದ್ದ. ಮೀಟರಿಲ್ಲ, ಗಡಿಯಾರವಿಲ್ಲ, ಬಣ್ಣವೇ ಎಲ್ಲ. ಅಂಚು ಕೂತಿತೋ ಇಲ್ಲವೋ ಎಂದು ತನ್ನ ಎಡ ಮುಂಗೈಯ ಕೂದಲು ಬೋಳಿಸಿ ನೋಡುತ್ತಿದ್ದ. ಹಾಗಾಗಿ ಆ ಮುಂಗೈ ಯಾವಾಗಲೂ ತೇಪೆ ತೇಪೆ ಬೋಳಾಗಿರುತ್ತಿತ್ತು. ಚಾಕು ಕರ್ರಗೆ ಕಾಣುತ್ತಿತ್ತು. ಆದರೆ ಒಮ್ಮೆ ಮಸೆದರೆ ತಿಂಗಳುಗಟ್ಟಲೆ ಬರುತ್ತಿತ್ತು.

ಹೋದ ಚಳಿಗಾಲ ಶಹಾಪುರದಲ್ಲಿ ಕೌಶಲ್ಯ ಮೇಳ ನಡೆಯಿತು. ಅಪ್ಪ ಮಗಳಿಗೆ ಒಂದು ಮೇಜು ಸಿಕ್ಕಿತು. ಮೇಳ ನೋಡಲು ಬಂದ ಹೆಂಗಸೊಬ್ಬಳು ಚಾಕು ಎತ್ತಿಕೊಂಡು, ಕೈಯಲ್ಲಿದ್ದ ಪೇರಲಹಣ್ಣನ್ನು ಕೊಯ್ದಳು. ಮಾತಾಡುತ್ತಾ ನಿಂತಿದ್ದಾಗ ಕೊಯ್ದ ಮುಖದ ಮೇಲೆ ನೀಲಿಗಪ್ಪು ಗೆರೆ ಮೂಡಿತು. ಮೂಸಿ ನೋಡಿದಳು.

"ಇದೇನ್ರಿ, ಹಣ್ಣ ಕರ್ರಗಾತಲ್ಲ! ಇದ್ರಾಗ ಕೊಯ್ದು ತಿಂದ್ರ ಸೀದಾ ದವಾಖಾನಿ."

"ಅದು ಉಕ್ಕಿನ ಗುಣ್ರಿ ಅಕ್ಕಾರ," ಅಂದ ಮಾನಪ್ಪ. "ಹುಳಿ ಬಿದ್ರ ಕರ್ರಗಾಗ್ತದ. ಒರಸಿ ಇಟ್ರ ಏನೂ ಆಗಂಗಿಲ್ಲ. ನೀವು ಅಂಚ ನೋಡ್ರಿ ಅಂಚ." ಹಾಗೆಂದವನೇ ಅಂಗಿತೋಳು ಮೇಲೆಳೆದು, ಅಷ್ಟು ಜನರ ಮುಂದೆ ಮುಂಗೈ ಕೂದಲು ಬೋಳಿಸಿ, ಅಲಗಿಗೆ ಅಂಟಿದ ಕೂದಲನ್ನು ಉಫ್ ಎಂದು ಊದಿದ.

ಹೆಂಗಸು "ಅಯ್ಯಯ್ಯ" ಎಂದು ಹಿಂದೆ ಸರಿದಳು. ಸುತ್ತ ನಿಂತವರು ನಕ್ಕರು. ಅಪ್ಪನೂ ನಕ್ಕ, ಅವರು ಮೆಚ್ಚಿ ನಕ್ಕರೆಂದುಕೊಂಡು. ಮೋನಮ್ಮನಿಗೆ ಮೇಜಿನ ಕೆಳಗೆ ಹೋಗಿ ಕೂತುಬಿಡಬೇಕೆನ್ನಿಸಿತು. ಪಕ್ಕದ ಮೇಜಿನಲ್ಲಿ ಪ್ಲಾಸ್ಟಿಕ್ ಹಾಳೆಯೊಳಗಿನ ಸ್ಟೇನ್‌ಲೆಸ್ ಚಾಕುಗಳು ಮಧ್ಯಾಹ್ನದೊಳಗೆ ಖಾಲಿಯಾದವು. ವಾಪಸ್ ಬರುವಾಗ ಬಸ್ಸಿನಲ್ಲಿ ಅವಳು ಅಪ್ಪನ ಆ ಬೋಳು ಮುಂಗೈಯನ್ನು ನೋಡುತ್ತಾ ಕೂತಳು. ಒಂದು ವಿಷಯಕ್ಕೆ ನಾಚಿಕೆಪಡಬಾರದು ಎಂದು ಗೊತ್ತಿದ್ದೂ ನಾಚಿಕೆಪಡುವುದು ಅವಳಿಗೆ ಅದೇ ಮೊದಲಲ್ಲ.

ಮಳೆಗಾಲ ಸುರುವಾಗುವ ಮುಂಚೆ ತಿಂಥಣಿ ಸೇತುವೆಯ ಕೆಳಗಿನ ಓಣಿಯಿಂದ ಅಯ್ಯಣ್ಣ ಬಂದ. ಅಲ್ಲಿಯವರೆಲ್ಲ ಕೃಷ್ಣೆಯಲ್ಲಿ ಮೀನು ಹಿಡಿಯುವವರು, ಇಲ್ಲವೇ ಸೇತುವೆ ಮೇಲೆ ಸಣ್ಣಪುಟ್ಟ ಮಾರಾಟ ಮಾಡುವವರು.

"ಮಾನಪ್ಪಣ್ಣನ ಚಾಕುಕ್ಕ ಹೆಸರಿಡಂಗಿಲ್ಲ, ಚಲೋನ ಅದ," ಅಂದ. "ಆದ್ರ ನಮ್ದು ನೀರಾಗಿನ ಬಾಳೇವು. ಹತ್ತ ದಿನಕ್ಕ ಕೀಲು ಜಂಗ ಹಿಡದು ಕೂತಬಿಡ್ತದ. ಬಿಚ್ಚಾಕ ಹಲ್ಲ ಹಚ್ಚಬೇಕು. ನನಗ ಹಲ್ಲರ ಎಷ್ಟ ಉಳದಾವ?"

ಮಾನಪ್ಪ ತುಕ್ಕು ಹಿಡಿಯದಂತೆ ಔಡಲೆಣ್ಣೆ ಹಚ್ಚಿಡಲು ಹೇಳಿದ. ಮೋನಮ್ಮ ನಡುವೆ ಬಾಯಿ ಹಾಕಿದಳು.

"ಎಣ್ಣಿ ಯಾಕ್ರಿ ಮಾವ? ಸ್ಟೇನ್‌ಲೆಸ್ ಮಾಡಿಕೊಡ್ತೀವಿ. ಜಂಗ ಹಿಡಿಯಂಗಿಲ್ಲ, ಕರ್ರಗಾಗಂಗಿಲ್ಲ. ಎಂಟ ದಿನದಾಗ ಕೊಡ್ತೀವಿ."

ಅವಳ ಮಾತು ಸುಳ್ಳಲ್ಲ. ಹೊಳೆಯಲ್ಲಿ ಬಾಳುವವರಿಗೆ ಅದೇ ಸರಿಯಾದ ಲೋಹ. ಚಾಕುವಿಗೆಂದೇ ತಯಾರಾಗುವ ಸ್ಟೇನ್‌ಲೆಸ್ ಉಂಟು, ಅದಕ್ಕೆ ಹದವೂ ಹಿಡಿಯುತ್ತದೆ. ಅಯ್ಯಣ್ಣ ಓಣಿಗೆ ಹೋಗಿ ಸುದ್ದಿ ಹೇಳಿದ. ಮೂರನೆಯ ದಿನ ಫೋನು ಬಂತು: ಮೂವತ್ತು ಬೇಕು.

ಅವಳು ಯಾದಗಿರಿಗೆ ಹೋದಳು. ಸ್ಟೇಷನ್ ಹತ್ತಿರದ ಸುಲ್ತಾನಸಾಬನ ಗುಜರಿ ಅಂಗಡಿಯಲ್ಲಿ ಒಂದು ಹೋಟೆಲಿನ ಅಡುಗೆಮನೆ ಕಿತ್ತು ತಂದ ದಪ್ಪ ಹಾಳೆಗಳಿದ್ದವು. ಬಿಸಿಲಿಗೆ ಕಣ್ಣು ಕೋರೈಸುತ್ತಿದ್ದವು.

"ಏನ ಮಾಡ್ತಿ ಬೇಟಾ ಇದ್ರಾಗ?" ಕೇಳಿದ ಸುಲ್ತಾನಸಾಬ.

"ಚಾಕು."

"ಇದು ಬರಂಗಿಲ್ಲವಾ. ಇದು ಭಾಂಡಿ ಪತ್ರಾ, ಪಾತ್ರಿ ಮಾಡೂ ತಗಡು. ಮ್ಯಾಗ್ನೆಟ್ ಹಚ್ಚಿ ನೋಡು, ಹಿಡಿಯಂಗಿಲ್ಲ. ಹಿಡಿಲಾರದ್ದು ಎಷ್ಟ ಕಾಸಿದ್ರೂ ಮೆತ್ತಗ. ಚಾಕುಂದು ಬ್ಯಾರೆ ಬರ್ತದ, ಹೈದ್ರಾಬಾದದಾಗ. ಭಟ್ಟಿಗಿ ಹಾಕಿ ಹದಾನೂ ಅವ್ರ ಮಾಡಿ ಕೊಡ್ತಾರ. ಒಂದ ತಿಂಗಳ ತಡಿ, ನಾ ತರಸ್ತೀನಿ."

ಮ್ಯಾಗ್ನೆಟ್ಟಿನ ಪ್ರಶ್ನೆ ಅವಳಿಗೆ ಐಟಿಐ ಪರೀಕ್ಷೆಯಲ್ಲೇ ಬಂದಿತ್ತು. ಉತ್ತರ ಸರಿಯಾಗಿ ಬರೆದಿದ್ದಳು. ಗುಜರಿಯವನು ಅದನ್ನು ತನಗೆ ಕಲಿಸುತ್ತಿದ್ದಾನಲ್ಲ ಎಂದು ಸಿಟ್ಟು ಬಂತು. ಎಂಟು ದಿನ ಎಂದು ಹೇಳಿಯಾಗಿತ್ತು. ಹೋಗಿ ತಿಂಗಳು ತಡೆಯಿರಿ ಎಂದರೆ, ಓದಿದ ಹುಡುಗಿಗೆ ಲೋಹ ಗೊತ್ತಿಲ್ಲವೇ ಎಂದು ಅವರು ನಗುವುದು ಕಿವಿಗೆ ಕೇಳಿಸಿತು. ಬಲೆಯ ದಾರ, ಮೀನಿನ ಹೊಟ್ಟೆ ಕೊಯ್ಯಲಿಕ್ಕೆ ಇಷ್ಟು ಸಾಕು ಅಂದುಕೊಂಡಳು.

"ನಂಗ ಗೊತ್ತದ ಚಾಚಾ. ತೂಕಕ್ಕ ಹಚ್ರಿ," ಅಂದಳು.

ಕುಲುಮೆಯಲ್ಲಿ ಮಾನಪ್ಪ ಆ ಹಾಳೆಯ ತುಂಡನ್ನು ತಿರುಗಿಸಿ ತಿರುಗಿಸಿ ನೋಡಿದ. "ನಂಗ ಇದರ ಬಣ್ಣ ಗೊತ್ತಿಲ್ಲವಾ. ನೀ ಓದೀದಿ. ನೀ ಹೇಳು, ನಾ ಕಾಸ್ತೀನಿ."

"ಬಾರಿಹಣ್ಣ ದಾಟಬೇಕು. ಮಾವಿನಹಣ್ಣಿನ ಬಣ್ಣಕ್ಕ ಬರಬೇಕು."

ಅವನು ಎರಡು ದಿನ ಬೆಂಕಿಯ ಮುಂದೆ ಕೂತು, ಒಂದೊಂದನ್ನೂ ಕಾಸಿ ಎಣ್ಣೆ ಕುಡಿಸಿದ. ಅವಳು ಪ್ರತಿ ಅಲಗಿಗೂ ಕಾನಸು ಹಾಕಿ ನೋಡಬೇಕಿತ್ತು. ಕಾನಸು ಅಂದರೆ ಲೋಹ ಉಜ್ಜುವ ಹಲ್ಲಿನ ಸರಳು. ಹದ ಹಿಡಿದ ಅಲಗಿನ ಮೇಲೆ ಅದು ಗಾಜಿನ ಮೇಲೆ ಓಡಿದಂತೆ ಜಾರುತ್ತದೆ. ಹದ ಹಿಡಿಯದಿದ್ದರೆ ಹಲ್ಲು ಹತ್ತಿ ಪುಡಿ ಉದುರುತ್ತದೆ.

ಮೊದಲ ಅಲಗಿಗೇ ಹತ್ತಿತು. ಬೆಲ್ಲದ ಅಚ್ಚು ಹೆರೆದಷ್ಟು ಸಲೀಸಾಗಿ ಹತ್ತಿತು.

"ಜಾರ್ತದೇನು?" ಬೆಂಕಿಯ ಕಡೆಯಿಂದ ಕೇಳಿದ ಮಾನಪ್ಪ.

"ಜಾರ್ತದ ಯಪ್ಪಾ."

ಮೂವತ್ತು ಸಲ ಕೇಳಿದ. ಮೂವತ್ತು ಸಲ ಹೇಳಿದಳು. ಆಮೇಲೆ ಸಾಣೆ ಹಿಡಿದು ಅಂಚು ಕೂರಿಸಿದಳು. ಹೊಸ ಅಂಚು ಮೆತ್ತಗಿನ ಲೋಹದಲ್ಲೂ ನಾಲ್ಕು ದಿನ ಚೂಪಾಗಿರುತ್ತದೆ. ಅಪ್ಪನ ಮುಂಗೈ ಕೂದಲನ್ನೂ ಬೋಳಿಸಿತು. ಮೂರು ಚುಕ್ಕಿ ಒತ್ತಿದ್ದೂ ಅವಳೇ.

*

ಅಯ್ಯಣ್ಣ ಚಾಕು ವಾಪಸ್ ಕೊಟ್ಟ ಸುದ್ದಿ ಹೊಳೆಯ ಓಣಿಯಲ್ಲೇ ಉಳಿಯಲಿಲ್ಲ. ಸುರಪುರದ ಚಹದಂಗಡಿಗೂ ಬಂತು: ಮಾನಪ್ಪನ ಕೈ ಮೊದಲಿನಂತಿಲ್ಲ. ಯಾರೂ ಎದುರಿಗೆ ಅನ್ನಲಿಲ್ಲ. ಕುಡುಗೋಲು ಮಾಡಿಸಲು ಬಂದವನೊಬ್ಬ, "ಕಾಕಾ, ಸ್ವಲ್ಪ ನೋಡಿ ಕಾಸು," ಅಂದ. ಇಪ್ಪತ್ತು ವರ್ಷಗಳಲ್ಲಿ ಮಾನಪ್ಪನಿಗೆ ಯಾರೂ ಹಾಗೆ ಹೇಳಿರಲಿಲ್ಲ. ಅವನು ತಲೆಯಾಡಿಸಿದ.

ಅವತ್ತು ಬೆಂಕಿಯಿಂದ ಕುಡುಗೋಲು ಎಳೆದು, ಇಕ್ಕಳದಲ್ಲಿ ಹಿಡಿದು ಅವಳ ಕಡೆ ಚಾಚಿದ.

"ಮೋನಾ, ಇದು ಬಾರಿಹಣ್ಣ ಹೌದಲ್ಲೇನು?"

ಸರಿಯಾದ ಬಣ್ಣವೇ ಇತ್ತು. ಒಂದು ಕೂದಲಿನಷ್ಟೂ ಹೆಚ್ಚು ಕಡಿಮೆ ಇಲ್ಲ. "ಹೌದು ಯಪ್ಪಾ" ಅನ್ನುವಷ್ಟರಲ್ಲಿ ಲೋಹ ಗಾಳಿಗೆ ಆರಿ ಬಣ್ಣ ಇಳಿದಿತ್ತು. ಮತ್ತೆ ಕಾಸಿದ. ಮತ್ತೆ ಕೇಳಿದ. ಮೂರನೆಯ ಸಲಕ್ಕೆ ಮಿತಿ ಮೀರಿ ಕಾಸಿ, ಎಣ್ಣೆಯಲ್ಲಿ ಅದ್ದಿದಾಗ ಕುಡುಗೋಲು ಉದ್ದಕ್ಕೂ ಬಿರುಕು ಬಿಟ್ಟಿತು. ಅವನು ಅದನ್ನು ಮೂಲೆಗೆ ಎಸೆದು ಹೊರಗೆ ಹೋಗಿ ಬೇವಿನ ಕೆಳಗೆ ಕೂತ.

ಶಹಾಪುರದಲ್ಲಿ ಕಣ್ಣಿನ ಶಿಬಿರ ನಡೆದಾಗ ಅವಳೇ ಕರೆದುಕೊಂಡು ಹೋದಳು. ಬಸ್ಸು ಹತ್ತುವಾಗ ಅವನ ರಟ್ಟೆ ಹಿಡಿದಳು. ಡಾಕ್ಟರು, ಪೊರೆ ಈಗಷ್ಟೇ ಸುರುವಾಗಿದೆ, ವಯಸ್ಸಿಗೆ ಸಹಜ, ಚಿಂತೆಯಿಲ್ಲ ಅಂದರು. ಮಾನಪ್ಪನಿಗೆ ಕೇಳಿಸಿದ್ದು ಪೊರೆ ಎಂಬ ಒಂದೇ ಮಾತು.

"ನಾ ಅಂದೆಲ್ಲ," ಅಂದ ಮಗಳಿಗೆ, ಗೆದ್ದವನ ಹಾಗೆ.

ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದು ದಿನ ದೂಡಿದಳು. ಪ್ರತಿ ದಿನ ಹೇಳುವುದು ಹಿಂದಿನ ದಿನಕ್ಕಿಂತ ಕಷ್ಟವಾಯಿತು, ಯಾಕೆಂದರೆ ಹೇಳದೆ ಉಳಿದ ದಿನಗಳನ್ನೂ ಸೇರಿಸಿ ಹೇಳಬೇಕಾಗಿತ್ತು. ಒಂದು ಸಂಜೆ ಅಪ್ಪ ರೊಟ್ಟಿ ಮುರಿಯುತ್ತಿದ್ದಾಗ ಅವನ ಎಡ ಮುಂಗೈ ಕಣ್ಣಿಗೆ ಬಿತ್ತು. ಅದರ ತುಂಬ ಕೂದಲು ಬೆಳೆದಿತ್ತು. ತೇಪೆ ಇರಲಿಲ್ಲ. ಎಲ್ಲರ ಕೈಯಂತಾಗಿತ್ತು. ಮೇಳದಲ್ಲಿ ಅವಳು ಬಯಸಿದ್ದು ಇದನ್ನೇ.

"ಅಮಾಸಿಗೆ ತಿಂಥಣಿಗಿ ಹೋಗಾಂವ ಇದೀನಿ," ಅಂದ ಮಾನಪ್ಪ. "ಮುದ್ರಿ ಬಿಟ್ಟ ಬರ್ತೀನಿ."

ಅದೂ ಮನೆತನದ ರೀತಿಯೇ. ಕಣ್ಣು ಹೋದ ಕಂಬಾರ ತನ್ನ ಮುದ್ರೆಯನ್ನು ಹೊಳೆಗೆ ಬಿಡುತ್ತಾನೆ, ಮತ್ತೆ ಅದನ್ನು ಯಾವ ಸಾಮಾನಿಗೂ ಒತ್ತಬಾರದೆಂದು. ಮಾನಪ್ಪನ ಅಪ್ಪ ತನ್ನ ಎರಡು ಚುಕ್ಕಿಯ ಮುದ್ರೆಯನ್ನು ಹಾಗೆಯೇ ಬಿಟ್ಟಿದ್ದ.

*

ಅಮಾವಾಸ್ಯೆಯ ದಿನ ಬಸ್ಸಿನಲ್ಲಿ ಜನ ತುಂಬಿದ್ದರು. ಮಾನಪ್ಪ ಕಿಟಕಿಯ ಬದಿ ಕೂತು, ಅಂಗೈಯಗಲದ ಬಟ್ಟೆಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡಿದ್ದ. ಅವಳು ಪಕ್ಕದಲ್ಲಿದ್ದಳು. ಇಪ್ಪತ್ತು ಕಿಲೋಮೀಟರಿನಲ್ಲಿ ಹೇಳಲು ಬೇಕಾದಷ್ಟು ಹೊತ್ತಿತ್ತು.

ಹೊಳೆಯ ಮೆಟ್ಟಿಲ ಪಕ್ಕ ಅಯ್ಯಣ್ಣ, ಪಾರ್ವತೆಮ್ಮ ಬಲೆ ಹರವಿಕೊಂಡು ಕೂತಿದ್ದರು. ಅವನು ಎಡಗೈಯಿಂದ ಬಲೆ ಎಳೆದು ಹಿಡಿದಿದ್ದ, ಅವಳು ಹರಿದಲ್ಲಿ ಹೆ‌ಣೆಯುತ್ತಿದ್ದಳು. ಬ್ಯಾಂಡೇಜು ಬಿಚ್ಚಿಯಾಗಿತ್ತು. ಮೂರು ಬೆರಳು ಮಡಚಲಾಗದೆ ನೆಟ್ಟಗೆ, ಒಂದಕ್ಕೊಂದು ಅಂಟಿದಂತೆ ನಿಂತಿದ್ದವು.

"ಏನ್ರಿ ಮಾನಪ್ಪಣ್ಣ, ಅಮಾಸಿ ಜಳಕಕ್ಕ ಬಂದ್ರೇನು?" ಕೇಳಿದ ಅಯ್ಯಣ್ಣ.

"ಮುದ್ರಿ ಬಿಡಾಕ ಬಂದೀನಪ್ಪ."

ಪಾರ್ವತೆಮ್ಮನ ಕೈ ನಿಂತಿತು. ಅಯ್ಯಣ್ಣ ಎದ್ದು ನಿಂತ. "ಬಿಡ್ರಿ, ನನ ಬೆರಳಿನ ಸಲುವಾಗಿ ಹಂಗ ಮಾಡಬ್ಯಾಡ್ರಿ."

"ನಿನ್ನ ಬೆರಳು ಹೋದವು ಬಿಡು. ಮುಂದಿನವನ ಬೆರಳಿನ ಸಲುವಾಗಿ."

ಅವನು ಚಪ್ಪಲಿ ಬಿಟ್ಟು, ಧೋತರ ಮೇಲೆತ್ತಿ ಮೊಣಕಾಲಿನ ತನಕ ನೀರಿಗೆ ಇಳಿದ. ಗಂಟು ಬಿಚ್ಚಿ ಮುದ್ರೆಯನ್ನು ಹಣೆಗೆ ಒತ್ತಿಕೊಂಡ.

"ಯಪ್ಪಾ, ಕಾನಸು ಜಾರಿದ್ದಿಲ್ಲ," ಅಂದಳು ಮೋನಮ್ಮ.

ಜೋರಾಗಿ ಹೇಳಿರಲಿಲ್ಲ. ಆದರೂ ಮಾನಪ್ಪ ತಿರುಗಿದ. "ಏನಂದಿ?"

"ಹತ್ತಿತ್ತು. ಮೂವತ್ತಕ್ಕೂ ಹತ್ತಿತ್ತು. ಅದು ಭಾಂಡಿ ಪತ್ರಾ. ಯಾರು ಕಾಸಿದ್ರೂ ಹದ ಹಿಡಿಯಂಗಿಲ್ಲ. ನಿನ ಕಣ್ಣ ಚಲೋ ಅದಾವ."

"ನಿನಗ ಯಾವಾಗ ಗೊತ್ತಾತು?"

"ತರೂಕಿಂತ ಮೊದಲ."

ನೀರು ಅವನ ಕಾಲು ಸುತ್ತಿ ಹರಿಯುತ್ತಿತ್ತು. ಅವನು ಮುದ್ರೆ ಹಿಡಿದ ಕೈಯನ್ನು ಕೆಳಗಿಳಿಸಿದ.

"ಶಹಾಪುರಕ್ಕ ಹೋದಾಗ," ಅಂದ, "ನೀ ನನ ರಟ್ಟಿ ಹಿಡದು ಬಸ್ ಹತ್ತಿಸಿದೆಲ್ಲ."

"ಹೂಂ."

ಮಾನಪ್ಪ ಮುದ್ರೆಯನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿ ಕಿಸೆಗೆ ಹಾಕಿಕೊಂಡ. ಮೇಲೆ ಬಂದು ಅಯ್ಯಣ್ಣನ ಮುಂದೆ ಕೈಮುಗಿದ. ಅದು ಅವಳಿಗೆ ಬೈಗುಳಕ್ಕಿಂತ ಹೆಚ್ಚಾಯಿತು. ಮುಗಿಯಬೇಕಾದ ಕೈ ಅವಳದಾಗಿತ್ತು.

"ಅಯ್ಯ, ಓದಿದಾಕಿ ನೋಡ್ರಿ ಇಕಿ!" ಅಂದಳು ಪಾರ್ವತೆಮ್ಮ. "ನಾ ಹುಚ್ಚಿ, ಮುದುಕಪ್ಪನ ಬೈದು ಬಂದೆ. ಬಾಯಾಗೇನು ಹಲ್ಲಿ ಬಿದ್ದಿತ್ತೇನಬೇ ನಿನಗ, ಅವತ್ತ ಮೂಲ್ಯಾಗ ಕೂತಿದ್ದೆಲ್ಲ?"

ಅಯ್ಯಣ್ಣ ಕೂತು, ಎಡಗೈಯಿಂದ ಬಲೆಯ ಅಂಚು ಹುಡುಕಿದ.

ವಾಪಸ್ ಬರುವಾಗ ಮಾನಪ್ಪ ಡ್ರೈವರನ ಹಿಂದಿನ ಸೀಟಿನಲ್ಲಿ ಕೂತ. ಪಕ್ಕದ ಜಾಗ ಖಾಲಿ ಇತ್ತು. ಅವಳು ಹಿಂದೆ ನಿಂತಳು.

ಮರುದಿನ ಬೆಳಿಗ್ಗೆ ಕುಲುಮೆಗೆ ಬಂದಾಗ ಬೆಂಕಿ ಹತ್ತಿತ್ತು. ಮಾನಪ್ಪ ಕಮಾನ್ ಪಟ್ಟಿ ಕಾಸುತ್ತಿದ್ದ. ಅವಳ ಕಡೆ ನೋಡಲಿಲ್ಲ. ಅಡಿಗಲ್ಲಿನ ಮೇಲೆ ಒಂದು ಖಾಲಿ ಗೋಣಿಚೀಲ ಮಡಚಿ ಇಟ್ಟಿತ್ತು. ಅದರ ಮೇಲೆ ಕಾನಸು ಇತ್ತು.

ಅಡಿಗಲ್ಲಿನ ಮೇಲೆ ಇಟ್ಟದ್ದಕ್ಕೆ ಕಾರಣ ಕೇಳುವ ಹಾಗಿಲ್ಲ. ಅವಳು ಎರಡನ್ನೂ ಎತ್ತಿಕೊಂಡು ಬಸ್ ಸ್ಟ್ಯಾಂಡಿಗೆ ನಡೆದಳು.

*

ಓಣಿಯ ಬಾಯಲ್ಲಿ ಪಾರ್ವತೆಮ್ಮ ಸಿಕ್ಕಳು. ಚೀಲ ನೋಡಿ ಅರ್ಥ ಮಾಡಿಕೊಂಡಳು.

"ನಡಿ, ಮನಿ ತೋರಸ್ತೀನಿ. ಉಪಕಾರ ಅಂತ ತಿಳ್ಕೋಬ್ಯಾಡ. ಒಂದೂ ಮನಿ ನೀ ತಪ್ಪಸಬಾರದು ಅಂತ ಬರಾಕತ್ತೀನಿ."

ಮೊದಲ ಮನೆಯಲ್ಲಿ ಮೋನಮ್ಮ ಉದ್ದಕ್ಕೆ ಹೇಳಿದಳು: ಅವಸರವಾಗಿತ್ತು, ಸರಿಯಾದ ಲೋಹ ಸಿಗಲಿಲ್ಲ ಎಂದು. "ಸಿಗಲಿಲ್ಲೋ, ತರಲಿಲ್ಲೋ?" ಅಂದಳು ಪಾರ್ವತೆಮ್ಮ ಹಿಂದಿನಿಂದ. ಎರಡನೆಯ ಮನೆಯಲ್ಲಿ ಅವಸರದ ಮಾತು ಬಿಟ್ಟಳು. ಹತ್ತನೆಯ ಮನೆಯ ಹೊತ್ತಿಗೆ ಉಳಿದದ್ದು ಇಷ್ಟೇ: "ಚಾಕು ಖರಾಬ ಅದ. ನಂಗ ಗೊತ್ತಿತ್ತು. ಅಪ್ಪಗ ಗೊತ್ತಿದ್ದಿಲ್ಲ. ವಾಪಸ್ ಕೊಡ್ರಿ, ಬ್ಯಾರೆ ಕೊಡ್ತೀವಿ." ಕೆಲವರು ಬೈದರು. ಕೆಲವರು ಸುಮ್ಮನೆ ಚೀಲಕ್ಕೆ ಹಾಕಿದರು. ಒಬ್ಬ ಮುದುಕ, ಆ ಚಾಕುವನ್ನು ಮೊಮ್ಮಗನ ಆಟಕ್ಕೆ ಕೊಟ್ಟಿದ್ದೆ, ಅದರಿಂದ ಬೆಣ್ಣೆಯೂ ಕೊಯ್ಯಲಾಗದು ಅಂದ. ಅದಕ್ಕೆ ಓಣಿಯೆಲ್ಲ ನಕ್ಕಿತು, ಪಾರ್ವತೆಮ್ಮನೂ ನಕ್ಕಳು.

ಕೊನೆಗೆ ಉಳಿದದ್ದು ರೇಣಮ್ಮನ ಚಾಕು. ಸೇತುವೆಯ ಮೇಲೆ ಬಸ್ಸಿನವರಿಗೆ ಲಿಂಬಿಹಣ್ಣಿನ ಶರಬತ್ತು ಮಾರುವ ಮುದುಕಿ ಅವಳು. ಚೀಲ ನೋಡಿದ ಕೂಡಲೆ ಚಾಕುವನ್ನು ಸೆರಗಿನ ಕೆಳಗೆ ಅಡಗಿಸಿದಳು.

"ನಾ ಕೊಡಂಗಿಲ್ಲ ತಗೀ. ಮಸ್ತ್ ಅದ ನಂದು. ದಿನಾ ಮುಂಜಾನಿ ಕಲ್ಲಿಗಿ ತಿಕ್ತೀನಿ, ದಿನಪೂರ್ತಿ ಲಿಂಬಿ ಕೊಯ್ತೀನಿ. ಒಂದ ಕರೀ ಕಲಿ ಇಲ್ಲ ಅದಕ್ಕ. ನಿಮ್ಮಪ್ಪನ ಹಳೇ ಚಾಕುದಾಗ ಕೊಯ್ದ್ರ ಲಿಂಬಿ ಕರ್ರಗಾಗಿ ಗಿರಾಕಿ ಮಾರಿ ಕಿವುಚ್ತಿದ್ರು. ಇದನ್ನ ಮಾಡಿಸಿದಾಕಿ ನೀನ ಅಲ್ಲೇನು? ಶಾಣ್ಯಾಕಿ ಇದೀ. ಹಿಂತಾ ಮಗಳು ಇರಬೇಕು ನೋಡು ಮನ್ಯಾಗ."

ಮೋನಮ್ಮನಿಗೆ ಬೆಳಗಿನಿಂದ ಬೈಸಿಕೊಂಡದ್ದರಲ್ಲಿ ಯಾವುದೂ ಇಷ್ಟು ತಾಗಿರಲಿಲ್ಲ.

"ಆಕೀಗೂ ಹೇಳು," ಅಂದಳು ಪಾರ್ವತೆಮ್ಮ.

ಹೇಳಿದಳು. ಭಾಂಡಿ ಪತ್ರಾ, ಹದ ಹಿಡಿಯುವುದಿಲ್ಲ, ಗೊತ್ತಿತ್ತು. ಅಯ್ಯಣ್ಣನ ಬೆರಳು. ರೇಣಮ್ಮ ಕೇಳಿಸಿಕೊಂಡಳು. ಚಾಕು ತೆಗೆದು ಒಮ್ಮೆ ನೋಡಿದಳು.

"ಆಗಿದ್ದೀತು. ನಾ ಏನ ಹೊಳ್ಯಾಗ ಇಳಿಯಾಕಿ ಅಲ್ಲ. ನನಗ ಲಿಂಬಿಗಿ ಇದ ಬೇಕು."

"ಇಟ್ಕೋರಿ ಆಯಿ," ಅಂದಳು ಮೋನಮ್ಮ. "ಒಂದ ಸಲ ಇಲ್ಲಿ ಕೊಡ್ರಿ, ಮತ್ತ ಕೊಡ್ತೀನಿ."

ರೇಣಮ್ಮ ಅನುಮಾನದಿಂದಲೇ ಕೊಟ್ಟಳು. ಮೋನಮ್ಮ ಸೇತುವೆಯ ಕಟ್ಟೆಗೆ ಅಲಗನ್ನು ಒತ್ತಿ ಹಿಡಿದು, ಬುಡದಲ್ಲಿದ್ದ ಅಪ್ಪನ ಮುದ್ರೆಯ ಮೇಲೆ ಕಾನಸು ಇಟ್ಟು ಉಜ್ಜಿದಳು. ಬೆಳ್ಳನೆ ಪುಡಿ ಉದುರಿ ಲಿಂಬಿಯ ಸಿಪ್ಪೆಗಳ ಮೇಲೆ ಬಿತ್ತು. ಮೊದಲ ಚುಕ್ಕಿ ಹೋಯಿತು. ಎರಡನೆಯದು ಹೋಯಿತು. ಪಾರ್ವತೆಮ್ಮ ಸೊಂಟದ ಮೇಲೆ ಕೈಯಿಟ್ಟು ನೋಡುತ್ತಿದ್ದಳು. ಮೂರನೆಯದೂ ಹೋಯಿತು. ಕಾನಸು ಎಲ್ಲಿಯೂ ಜಾರಲಿಲ್ಲ.